ವರ್ತುಲಾಕಾರದ ಅಸ್ತಿಭಾರದ ಮೇಲಣ ಮಣ್ಣಿನ ಹೊರೆ: ನೀರಿನ ತೊಟ್ಟಿಯಿಂದ ಕೋಟೆಯ ಕೊತ್ತಳದವರೆಗೆ

1. ಪ್ರಶ್ನೆಯ ಸ್ವರೂಪ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿಗೆ ಸೇರಿದ ತೋವಿನಕೆರೆಯ ಬಳಿ, ವಿದ್ಯಾರ್ಥಿಗಳೊಡನೆ ಕೋಟೆಗಳನ್ನು ನೋಡಲು ಹೊರಟಿದ್ದ ನಮಗೆ ನೀರಿನ ಮೇಲ್ತೊಟ್ಟಿಯೊಂದಕ್ಕೆ ಪಾಯ ಕಟ್ಟುತ್ತಿದ್ದುದು ಕಣ್ಣಿಗೆ ಬಿದ್ದಿತು. ಅಗಲವಾದ ದುಂಡು ಗುಂಡಿ. ಅದರ ತಳದಲ್ಲಿ ಬೀಸುವ ಕಲ್ಲಿನಂತೆ ಚಪ್ಪಟೆಯಾದ ಕಾಂಕ್ರೀಟಿನ ಬಿಲ್ಲೆ. ಬಿಲ್ಲೆಯ ನಡುವಿನಿಂದ ಮೇಲೆದ್ದ ದುಂಡು ಕಂಬ. ಕೆಲಸದವರು ಅಗೆದು ತೆಗೆದಿದ್ದ ಕೆಂಪು ಮಣ್ಣನ್ನೇ ಮತ್ತೆ ಗುಂಡಿಗೆ ಸುರಿದು, ನೀರು ಹಾಕಿ, ದಿಮ್ಮಸು ಹೊಡೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಕೇಳಿದನು: "ಮೇಸ್ತ್ರಿಗಳೇ, ತೊಟ್ಟಿಯ ಭಾರವೇ ಸಾಲದೆಂದು ಪಾಯದ ಮೇಲೆ ಮಣ್ಣಿನ ಭಾರವನ್ನೂ ಏಕೆ ಹೇರುತ್ತೀರಿ?" ಮೇಸ್ತ್ರಿ ನಕ್ಕು, "ಮಣ್ಣು ಮುಚ್ಚದಿದ್ದರೆ ತೊಟ್ಟಿ ನಿಲ್ಲುವುದಿಲ್ಲ ಸ್ವಾಮಿ" ಎಂದನು.

ಅದೇ ದಿನ ಸಂಜೆ ಈ ಸೀಮೆಯ ನೆಲಗೋಟೆಯೊಂದರ ಕೊತ್ತಳದ ಬುಡದಲ್ಲಿ ಆಳೆತ್ತರದ ಗುಂಡಿಯೊಂದನ್ನು ಕಂಡೆವು. ನಿಧಿಯ ಆಸೆಯಿಂದ ಯಾರೋ ತೋಡಿದ್ದು. ಗುಂಡಿಯ ನೇರಕ್ಕೆ ಗೋಡೆಯಲ್ಲಿ ಬಿರುಕು ಮೂಡಿತ್ತು. "ಗೋಡೆಯ ಒಂದು ಕಲ್ಲನ್ನೂ ಅವರು ಮುಟ್ಟಿಲ್ಲವಲ್ಲ, ಬಿರುಕು ಏಕೆ?" ಎಂಬುದು ಎರಡನೆಯ ಪ್ರಶ್ನೆಯಾಯಿತು. ಬೆಳಗಿನ ಪ್ರಶ್ನೆಯೂ ಸಂಜೆಯ ಪ್ರಶ್ನೆಯೂ ಒಂದೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಪಾಯದ ಮೇಲೆ ಮತ್ತು ಅದರ ಸುತ್ತ ಇರುವ ಮಣ್ಣು ಹೊರೆಯೂ ಹೌದು, ಕಾವಲೂ ಹೌದು. ಇವೆರಡರಲ್ಲಿ ಯಾವುದು ಎಷ್ಟು ಎಂಬುದನ್ನು ಸಾಮಾನ್ಯವಾದ ಅಂಕಗಣಿತದಿಂದಲೇ ತಿಳಿಯಬಹುದು. ಇತಿಹಾಸದ ಅಧ್ಯಾಪಕರು ಇಂಜಿನಿಯರುಗಳ ಕ್ಷೇತ್ರಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಾವು ಓದಿಸುವ ಕೋಟೆಗಳು ಮಣ್ಣಿನ ಮೇಲೆ ನಿಂತಿರುವವರೆಗೆ ಮಣ್ಣಿನ ಶಾಸ್ತ್ರವನ್ನು ಅಲಕ್ಷಿಸುವುದು ನಮಗೆ ಸಾಧ್ಯವಿಲ್ಲ.

2. ಹೊರೆಯ ಲೆಕ್ಕ

ಮೊದಲು ಮಣ್ಣನ್ನು ಕೇವಲ ಹೊರೆಯೆಂದು ಭಾವಿಸಿ ಲೆಕ್ಕ ಮಾಡೋಣ. ಉದಾಹರಣೆಗಾಗಿ ಹೀಗೊಂದು ಪಾಯವನ್ನು ಕಲ್ಪಿಸಿಕೊಳ್ಳಬಹುದು: ಬಿಲ್ಲೆಯ ವ್ಯಾಸ 4 ಮೀಟರ್, ದಪ್ಪ ಅರ್ಧ ಮೀಟರ್, ನಡುವಿನ ಕಂಬದ ವ್ಯಾಸ 1 ಮೀಟರ್, ಬಿಲ್ಲೆಯ ತಳವು ನೆಲಮಟ್ಟದಿಂದ 2 ಮೀಟರ್ ಆಳದಲ್ಲಿದೆ. ಆದ್ದರಿಂದ ಬಿಲ್ಲೆಯ ಮೇಲೆ ಕೂಡುವ ಮಣ್ಣಿನ ಎತ್ತರ ಒಂದೂವರೆ ಮೀಟರ್. ಚೆನ್ನಾಗಿ ದಿಮ್ಮಸು ಹೊಡೆದ ಮಣ್ಣು ಘನ ಮೀಟರಿಗೆ 1.8 ಟನ್ ತೂಗುತ್ತದೆಂದೂ, ಕಬ್ಬಿಣ ಕಟ್ಟಿದ ಕಾಂಕ್ರೀಟು 2.5 ಟನ್ ತೂಗುತ್ತದೆಂದೂ ಇಟ್ಟುಕೊಳ್ಳೋಣ. ತುಂಬಿದ ತೊಟ್ಟಿಯೂ ಅದನ್ನು ಹೊತ್ತ ಕಂಬವೂ ಸೇರಿ ನೆಲಮಟ್ಟದಲ್ಲಿ 120 ಟನ್ ಭಾರವನ್ನು ಇಳಿಸುತ್ತವೆ.

ಮಣ್ಣು ಬಿಲ್ಲೆಯ ಪೂರ್ಣ ವಿಸ್ತೀರ್ಣದ ಮೇಲೆ ಕೂಡುವುದಿಲ್ಲ; ನಡುವೆ ಕಂಬವಿದೆ. ಅದು ಕೂಡುವುದು ಬಳೆಯ ಆಕಾರದ ಜಾಗದಲ್ಲಿ. ಬಳೆಯ ವಿಸ್ತೀರ್ಣ ಬೇಕಾದರೆ ಹೊರವ್ಯಾಸದ ವರ್ಗದಿಂದ ಒಳವ್ಯಾಸದ ವರ್ಗವನ್ನು ಕಳೆದು 0.785ರಿಂದ ಗುಣಿಸಬೇಕು. ಇಲ್ಲಿ 16ರಿಂದ 1ನ್ನು ಕಳೆದರೆ 15, ವಿಸ್ತೀರ್ಣ 11.78 ಚದರ ಮೀಟರ್. ಒಂದೂವರೆ ಮೀಟರ್ ಎತ್ತರಕ್ಕೆ 17.67 ಘನ ಮೀಟರ್ ಮಣ್ಣು. ಅದರ ತೂಕ 31.8 ಟನ್. ಇದೇ ಬಿಲ್ಲೆಯ ಮೇಲಣ ಮಣ್ಣಿನ ಹೊರೆ. ಬಿಲ್ಲೆಯ ಅಂಚಿನಿಂದ ಆಚೆಗಿರುವ ಮಣ್ಣು ಈ ಲೆಕ್ಕಕ್ಕೆ ಬರುವುದಿಲ್ಲ. ಅದರ ಭಾರವನ್ನು ಅದರ ಕೆಳಗಿನ ನೆಲವೇ ಹೊರುತ್ತದೆ.

ಬಿಲ್ಲೆಯ ಸ್ವಂತ ತೂಕ 15.7 ಟನ್, ಮಣ್ಣಿನಲ್ಲಿ ಹುದುಗಿದ ಕಂಬದ ಭಾಗದ ತೂಕ 2.9 ಟನ್. ಇವನ್ನೆಲ್ಲ 120 ಟನ್ನಿಗೆ ಕೂಡಿಸಿದರೆ ಸುಮಾರು 170.5 ಟನ್ ಆಗುತ್ತದೆ. ಬಿಲ್ಲೆಯ ತಳದ ವಿಸ್ತೀರ್ಣ 12.57 ಚದರ ಮೀಟರ್. ಆದ್ದರಿಂದ ತಳದ ನೆಲದ ಮೇಲೆ ಬೀಳುವ ಒಟ್ಟು ಒತ್ತಡ ಚದರ ಮೀಟರಿಗೆ 13.6 ಟನ್.

ಇಲ್ಲಿ ಒಂದು ಸೂಕ್ಷ್ಮವಿದೆ. ಪಾಯವನ್ನು ತೋಡುವ ಮುನ್ನ ಆ ಆಳದ ನೆಲ ಹೊರೆಯಿಲ್ಲದೆ ಇರಲಿಲ್ಲ. ಅದರ ಮೇಲೆ 2 ಮೀಟರ್ ಮಣ್ಣು ತಲತಲಾಂತರದಿಂದ ಕುಳಿತಿತ್ತು. ಅದರ ಒತ್ತಡ ಚದರ ಮೀಟರಿಗೆ 3.6 ಟನ್. ಆ ಹೊರೆಗೆ ನೆಲ ಎಂದೋ ಒಗ್ಗಿಹೋಗಿದೆ. ಹೊಸದಾಗಿ ಬಂದ ಭಾರವೆಂದರೆ 13.6ರಿಂದ 3.6ನ್ನು ಕಳೆದು ಉಳಿದ 10 ಟನ್ ಮಾತ್ರ. ಮೊದಲನೆಯದನ್ನು ಒಟ್ಟು ಒತ್ತಡವೆಂದೂ, ಎರಡನೆಯದನ್ನು ನಿವ್ವಳ ಒತ್ತಡವೆಂದೂ ಕರೆಯುವುದು ವಾಡಿಕೆ. ನೆಲದ ಧಾರಣಸಾಮರ್ಥ್ಯವನ್ನೂ ಹೀಗೆಯೇ ಎರಡು ಬಗೆಯಲ್ಲಿ ಹೇಳುವುದುಂಟು. ಒಟ್ಟು ಒತ್ತಡವನ್ನು ಒಟ್ಟು ಸಾಮರ್ಥ್ಯದೊಡನೆಯೂ, ನಿವ್ವಳ ಒತ್ತಡವನ್ನು ನಿವ್ವಳ ಸಾಮರ್ಥ್ಯದೊಡನೆಯೂ ಹೋಲಿಸಬೇಕು. ನಿವ್ವಳ ಸಾಮರ್ಥ್ಯವನ್ನು ಕೈಯಲ್ಲಿಟ್ಟುಕೊಂಡು ಮಣ್ಣಿನ ಹೊರೆಯನ್ನು ಪೂರ್ತಿಯಾಗಿ ಕೂಡಿಸಿದರೆ ಒಂದೇ ಹೊರೆಯನ್ನು ಎರಡು ಸಾರಿ ಎಣಿಸಿದಂತಾಗುತ್ತದೆ. ವಿದ್ಯಾರ್ಥಿಗಳ ಉತ್ತರಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದು.

ಇದಕ್ಕೆ ಒಂದು ಅಪವಾದವಿದೆ. ಹಳೆಯ ನೆಲಮಟ್ಟಕ್ಕಿಂತ ಎತ್ತರಕ್ಕೆ ಮಣ್ಣು ತುಂಬಿ ಅಂಗಳವನ್ನು ಏರಿಸಿದರೆ, ಆ ಹೆಚ್ಚಿನ ಮಣ್ಣು ನೆಲಕ್ಕೆ ಹೊಸ ಹೊರೆಯೇ. ಒಂದು ಮೀಟರ್ ತುಂಬಿದರೆ ಚದರ ಮೀಟರಿಗೆ 1.8 ಟನ್ ನಿವ್ವಳ ಒತ್ತಡಕ್ಕೆ ಸೇರುತ್ತದೆ. ನೆಲ ಆ ಮಟ್ಟಿಗೆ ಹೆಚ್ಚಾಗಿ ಕುಸಿಯುತ್ತದೆ.

3. ಕಾವಲಿನ ಲೆಕ್ಕ

ಇನ್ನು ಮಣ್ಣಿನ ಎರಡನೆಯ ಕೆಲಸ. ಈ ಶಾಸ್ತ್ರದ ಮೂಲ ಕೋಟೆ ಕಟ್ಟುವವರ ಅನುಭವದಲ್ಲಿದೆಯೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಸೈನ್ಯದ ಇಂಜಿನಿಯರಾಗಿದ್ದ ಕೂಲಂಬನು 1764ರಿಂದ 1772ರವರೆಗೆ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆಯ ನಿರ್ಮಾಣದಲ್ಲಿ ತೊಡಗಿದ್ದನು. ಅಲ್ಲಿಂದ ಮರಳಿ 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಅವನು ಒಪ್ಪಿಸಿದ ಪ್ರಬಂಧ 1776ರಲ್ಲಿ ಅಚ್ಚಾಯಿತು. ಮಣ್ಣಿನ ಬಲಕ್ಕೆ ಎರಡು ಮೂಲಗಳಿವೆ, ಒಂದು ಕಣಕಣಗಳ ನಡುವಣ ಘರ್ಷಣೆ, ಇನ್ನೊಂದು ಅಂಟಿಕೊಳ್ಳುವ ಗುಣವಾದ ಸಂಸಕ್ತಿ, ಎಂದು ಅದರಲ್ಲಿ ನಿರೂಪಿಸಿದನು. ಮೈಸೂರಿನಲ್ಲಿ ಅದು ಹೈದರಾಲಿಯ ಕಾಲ. 1761ರಲ್ಲಿ ಶಿರಾ ಅವನ ವಶವಾಯಿತು. ಮಧುಗಿರಿಯ ಕೋಟೆ ಕಲ್ಲಿನಲ್ಲಿ ಬಲಗೊಂಡದ್ದೂ ಅವನ ಆಳ್ವಿಕೆಯಲ್ಲಿಯೇ.

1857ರಲ್ಲಿ ಸ್ಕಾಟ್ಲೆಂಡಿನ ರ್‍ಯಾಂಕಿನನು ಇದನ್ನು ಮುಂದುವರಿಸಿದನು. ಅವನ ವಿಚಾರಸರಣಿ ಬಹಳ ಸರಳ. ಪಾಯವು ತನ್ನ ಕೆಳಗಿನ ಮಣ್ಣನ್ನು ಒತ್ತುತ್ತದೆ. ಒತ್ತಿಸಿಕೊಂಡ ಮಣ್ಣು ಪಕ್ಕಕ್ಕೆ ಸರಿಯಲು ನೋಡುತ್ತದೆ. ಪಕ್ಕದ ಮಣ್ಣು ಈ ತಳ್ಳುವಿಕೆಗೆ ಸಿಕ್ಕಿ ಮೇಲಕ್ಕೆ ಉಬ್ಬಲು ನೋಡುತ್ತದೆ. ಹಾಗೆ ಉಬ್ಬದಂತೆ ಅದನ್ನು ಅದುಮಿ ಹಿಡಿದಿರುವುದು ಅದರ ಮೇಲೆ ಕುಳಿತಿರುವ ಮಣ್ಣು. ಹಸಿ ಹಿಟ್ಟಿನ ಮುದ್ದೆಯ ನಡುವೆ ಹೆಬ್ಬೆರಳನ್ನು ಒತ್ತಿದರೆ ಸುತ್ತಲ ಹಿಟ್ಟು ಉಬ್ಬಿ ಬರುವುದನ್ನು ಎಲ್ಲರೂ ಕಂಡಿದ್ದಾರೆ. ಸುತ್ತಲೂ ಅಂಗೈಯಿಂದ ಅದುಮಿ ಹಿಡಿದರೆ ಬೆರಳು ಅಷ್ಟು ಸುಲಭವಾಗಿ ಇಳಿಯದು. ಆ ಅಂಗೈಯ ಕೆಲಸವನ್ನು ಪಾಯದ ಸುತ್ತಲಿನ ಮಣ್ಣು ಮಾಡುತ್ತದೆ. ಶಾಸ್ತ್ರದಲ್ಲಿ ಇದನ್ನೇ ಮಣ್ಣಿನ ಮೇಲ್ಹೊರೆ ಎನ್ನಬಹುದು. ಅದರ ಪ್ರಮಾಣ, ಮಣ್ಣಿನ ತೂಕವನ್ನು ಪಾಯದ ತಳದ ಆಳದಿಂದ ಗುಣಿಸಿದಷ್ಟು. ನಮ್ಮ ಉದಾಹರಣೆಯಲ್ಲಿ 1.8 × 2 = 3.6 ಟನ್.

ರ್‍ಯಾಂಕಿನನ ಲೆಕ್ಕದಂತೆ ಘರ್ಷಣಕೋನ 25 ಡಿಗ್ರಿಯಾದರೆ ಮೇಲ್ಹೊರೆ ತನ್ನ ಆರರಷ್ಟು ಆಧಾರವನ್ನು ಕೊಡುತ್ತದೆ. 1943ರಲ್ಲಿ ಟರ್ಜಾಗಿ ಪ್ರಕಟಿಸಿದ ಗ್ರಂಥದಲ್ಲಿ ಈ ಲೆಕ್ಕ ಇನ್ನಷ್ಟು ಪೂರ್ಣವಾಯಿತು. ಅವನು ಆಧಾರವನ್ನು ಮೂರು ಭಾಗಗಳಾಗಿ ವಿಂಗಡಿಸಿದನು: ಸಂಸಕ್ತಿಯಿಂದ ಬರುವುದು, ಮೇಲ್ಹೊರೆಯಿಂದ ಬರುವುದು, ಪಾಯದ ಕೆಳಗೆ ಜಾರಲಿರುವ ಮಣ್ಣಿನ ಸ್ವಂತ ತೂಕದಿಂದ ಬರುವುದು. ನಮ್ಮ ದೇಶದಲ್ಲಿ ಇದಕ್ಕೆ ಸಂಬಂಧಿಸಿದ ನಿಯಮಾವಳಿ ಭಾರತೀಯ ಮಾನಕ 6403 (1981). ಉದ್ದನೆಯ ಪಾಯಕ್ಕೆ ಹೇಳಿದ ಸೂತ್ರವನ್ನು ವರ್ತುಲಕ್ಕೆ ಒಗ್ಗಿಸಲು ಅದು ಸಂಸಕ್ತಿಯ ಭಾಗವನ್ನು 1.3ರಿಂದಲೂ, ಮೇಲ್ಹೊರೆಯ ಭಾಗವನ್ನು 1.2ರಿಂದಲೂ, ತೂಕದ ಭಾಗವನ್ನು 0.6ರಿಂದಲೂ ಗುಣಿಸಲು ಹೇಳುತ್ತದೆ. ಆಳಕ್ಕಾಗಿ ಅದು ಕೊಡುವ ಅಲ್ಪ ಹೆಚ್ಚಳವನ್ನು ಇಲ್ಲಿ ಬಿಟ್ಟಿದ್ದೇವೆ. ಬಿಡುವುದರಿಂದ ಲೆಕ್ಕ ಭದ್ರತೆಯ ಕಡೆಗೇ ವಾಲುತ್ತದೆ.

ಸಂಸಕ್ತಿಯಿಲ್ಲದ, 25 ಡಿಗ್ರಿ ಘರ್ಷಣಕೋನದ ಮರಳುಮಿಶ್ರಿತ ಮಣ್ಣಿಗೆ ಮಾನಕದ ಕೋಷ್ಟಕದಲ್ಲಿ ಮೇಲ್ಹೊರೆಯ ಗುಣಾಂಕ 10.66, ತೂಕದ ಗುಣಾಂಕ 10.88. ನಿವ್ವಳ ಸಾಮರ್ಥ್ಯಕ್ಕೆ ಮೇಲ್ಹೊರೆಯ ಗುಣಾಂಕದಿಂದ 1ನ್ನು ಕಳೆಯಬೇಕು. ಆಗ,

ಮೇಲ್ಹೊರೆಯಿಂದ: 3.6 × 9.66 × 1.2 = 41.7 ಟನ್
ತೂಕದಿಂದ: 0.5 × 4 × 1.8 × 10.88 × 0.6 = 23.5 ಟನ್

ಎರಡೂ ಸೇರಿ ಚದರ ಮೀಟರಿಗೆ 65.2 ಟನ್. ಇದನ್ನು 3ರಿಂದ ಭಾಗಿಸಿದರೆ ಸುರಕ್ಷಿತ ಸಾಮರ್ಥ್ಯ 21.7 ಟನ್, ನಮ್ಮ ನಿವ್ವಳ ಒತ್ತಡ 10 ಟನ್ ಇದರೊಳಗೆ ಆರಾಮವಾಗಿದೆ. ನೆಲ ಎಷ್ಟು ಕುಸಿಯುತ್ತದೆಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕಾದುದು ಸರಿ. ಅದು ಬೇರೊಂದು ಲೇಖನದ ವಿಷಯ.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಮರಳೋಣ. ಪಾಯದ ಭಾರವನ್ನು ಇಳಿಸಬೇಕೆಂದು ಒಂದು ಮೀಟರ್ ಮಣ್ಣನ್ನು ಮೇಲಿನಿಂದಲೂ ಸುತ್ತಲಿನಿಂದಲೂ ತೆಗೆದುಹಾಕಿದೆವೆನ್ನೋಣ. ಬಿಲ್ಲೆಯ ಮೇಲಿನ ಮಣ್ಣಿನಲ್ಲಿ 21 ಟನ್ ಕಡಮೆಯಾಗಿ, ಒಟ್ಟು ಒತ್ತಡ ಚದರ ಮೀಟರಿಗೆ 1.7 ಟನ್ನಿನಷ್ಟು ಇಳಿಯುತ್ತದೆ. ಆದರೆ ಮೇಲ್ಹೊರೆ 3.6ರಿಂದ 1.8ಕ್ಕೆ ಇಳಿದುದರಿಂದ ನೆಲದ ಒಟ್ಟು ಸಾಮರ್ಥ್ಯ 68.8ರಿಂದ 46.2 ಟನ್ನಿಗೆ, ಎಂದರೆ 22.6 ಟನ್ನಿನಷ್ಟು ಇಳಿಯುತ್ತದೆ. ಹೊರೆಯಲ್ಲಿ ಒಂದು ಪಾಲು ಉಳಿಸಲು ಹೋಗಿ ಆಧಾರದಲ್ಲಿ ಹದಿಮೂರು ಪಾಲು ಕಳೆದುಕೊಂಡಂತಾಯಿತು. ಮೇಸ್ತ್ರಿಯ ಮಾತಿಗೆ ಇಷ್ಟು ಅಂಕಿಗಳ ಬೆಂಬಲವಿದೆ.

ಈ ಫಲಿತಾಂಶವನ್ನು ಎಲ್ಲ ಬಗೆಯ ಮಣ್ಣಿಗೂ ಅನ್ವಯಿಸಲಾಗದು. ಮಧುಗಿರಿ, ಕೊರಟಗೆರೆಗಳ ಕಡೆ ಹೆಚ್ಚಾಗಿ ಕಾಣುವ ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಘರ್ಷಣೆಯೇ ಮುಖ್ಯವಾದುದರಿಂದ ಮೇಲ್ಹೊರೆಯ ಪಾತ್ರ ದೊಡ್ಡದು. ಶಿರಾ, ಪಾವಗಡಗಳ ಕಡೆ ಅಲ್ಲಲ್ಲಿ ಸಿಗುವ ಕಪ್ಪು ಜೇಡಿಮಣ್ಣು ನೀರು ಕುಡಿದು ಮೆತ್ತಗಾದಾಗ ಘರ್ಷಣೆ ಇಲ್ಲವೆಂದೇ ಎಣಿಸುವುದು ಪದ್ಧತಿ. ಆಗ ಮೇಲ್ಹೊರೆಯ ಗುಣಾಂಕ 1ಕ್ಕೆ ಇಳಿಯುತ್ತದೆ. ಮಣ್ಣು ಎಷ್ಟು ಹೊರೆಯೋ ಅಷ್ಟೇ ಆಧಾರ, ಲಾಭವೂ ಇಲ್ಲ, ನಷ್ಟವೂ ಇಲ್ಲ.

4. ವರ್ತುಲದ ವಿಶೇಷ

ನೀರಿನ ತೊಟ್ಟಿಗೆ ಚೌಕವನ್ನು ಬಿಟ್ಟು ವರ್ತುಲವನ್ನು ಆರಿಸುವುದಕ್ಕೆ ಒಂದು ಕಾರಣ ಗಾಳಿ. ಗಾಳಿ ಯಾವ ದಿಕ್ಕಿನಿಂದ ಬೀಸೀತೆಂದು ಹೇಳಲಾಗದು. ವರ್ತುಲ ಎಲ್ಲ ದಿಕ್ಕಿಗೂ ಸಮನಾಗಿ ಎದೆಯೊಡ್ಡುತ್ತದೆ. ಗಾಳಿ ತೊಟ್ಟಿಯನ್ನು ತಳ್ಳಿದಾಗ ಭಾರದ ರೇಖೆ ಬಿಲ್ಲೆಯ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಹೀಗೆ ಸರಿಯುವ ದೂರ ವ್ಯಾಸದ ಎಂಟನೆಯ ಒಂದು ಭಾಗವನ್ನು ಮೀರದಿರುವವರೆಗೆ ಬಿಲ್ಲೆಯ ಯಾವ ಅಂಚೂ ನೆಲದಿಂದ ಏಳುವುದಿಲ್ಲ. ನಮ್ಮ ಬಿಲ್ಲೆಗೆ ಆ ದೂರ ಅರ್ಧ ಮೀಟರ್.

ಉರುಳಿಸುವ ಬಲಕ್ಕೆ ತೊಟ್ಟಿ ಹೆಚ್ಚು ಅಂಜಬೇಕಾದುದು ಅದು ತುಂಬಿರುವಾಗಲ್ಲ, ಬರಿದಾಗಿರುವಾಗ. ಬರಿದಾದ ತೊಟ್ಟಿಯ ಭಾರ 60 ಟನ್ ಎನ್ನೋಣ. ಬಿಲ್ಲೆ, ಕಂಬ, ಮಣ್ಣು ಎಲ್ಲವೂ ಸೇರಿ 110.5 ಟನ್, ಅರ್ಧ ಮೀಟರಿನಿಂದ ಗುಣಿಸಿದರೆ 55 ಟನ್-ಮೀಟರಿನಷ್ಟು ಉರುಳಿಸುವ ಪರಿಣಾಮವನ್ನು ಅದು ಅಂಚು ಏಳದೆ ತಡೆಯುತ್ತದೆ. ಮಣ್ಣನ್ನು ತೆಗೆದರೆ ಇದು 39ಕ್ಕೆ ಇಳಿಯುತ್ತದೆ. ಚಿತ್ರದುರ್ಗದ ಬೆಟ್ಟಸಾಲುಗಳ ಮೇಲೆ ನಿಂತಿರುವ ಗಾಳಿಯಂತ್ರಗಳಂತಹ ಎತ್ತರದ ಕಂಬಗಳಿಗೂ ಈ ತತ್ತ್ವವೇ ಅನ್ವಯಿಸುತ್ತದೆ. ಅಂತಹ ಪಾಯಗಳ ಮೇಲೆ ತುಂಬಿದ ಮಣ್ಣಿನ ತೂಕವನ್ನು ಸ್ಥಿರತೆಯ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಾರೆ. ಆದರೆ ಅದು ಗಟ್ಟಿಯಾಗಿ ಕುಳಿತ ಮಣ್ಣಾಗಿರಬೇಕು. ಸುಮ್ಮನೆ ಸುರಿದ ಮಣ್ಣು ಘನ ಮೀಟರಿಗೆ ಒಂದೂವರೆ ಟನ್ ತೂಗಿದರೆ ಹೆಚ್ಚು. ಪಕ್ಕದ ಮಣ್ಣು ಉಬ್ಬದಂತೆ ಹಿಡಿಯುವ ಶಕ್ತಿಯೂ ಅದಕ್ಕೆ ಸಾಲದು. ಪದರ ಪದರವಾಗಿ ನೀರು ಹಾಕಿ ದಿಮ್ಮಸು ಹೊಡೆಯುವುದರ ಅರ್ಥ ಇದು.

5. ಕೊತ್ತಳದ ಬುಡ

ಕೋಟೆಯ ಕೊತ್ತಳವೂ ಒಂದು ವರ್ತುಲಾಕಾರದ ಪಾಯವೇ. ದುಂಡು ಕೊತ್ತಳಕ್ಕೆ ಗುಂಡೇಟಿಗೆ ಸುಲಭವಾಗಿ ಒಡೆಯುವ ಮೂಲೆಗಳಿಲ್ಲವೆಂಬುದನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಅದರ ಬುಡದ ವಿಚಾರವನ್ನು ಹೇಳುವುದು ಅಪರೂಪ. ಇಲ್ಲಿ ಎರಡು ಬಗೆಯ ಕೋಟೆಗಳನ್ನು ಬೇರ್ಪಡಿಸಬೇಕು. ಮಧುಗಿರಿ, ಚನ್ನರಾಯನದುರ್ಗಗಳ ಬೆಟ್ಟದ ಮೇಲೆ ಬಂಡೆಯನ್ನೇ ತಳವಾಗಿ ಮಾಡಿಕೊಂಡ ಗೋಡೆಗಳಿಗೆ ಮೇಲ್ಹೊರೆಯ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಗೋಡೆ ಬಿದ್ದರೆ ಕಾರಣವನ್ನು ಒಳಗೆ ಸೇರಿದ ಮಳೆನೀರಿನಲ್ಲಿಯೋ ಗಿಡಮರಗಳ ಬೇರಿನಲ್ಲಿಯೋ ಹುಡುಕಬೇಕು. ಶಿರಾದಂತಹ, ಕಂದಕವುಳ್ಳ ನೆಲಗೋಟೆಗಳ ವಿಚಾರ ಬೇರೆ. ಅಲ್ಲಿ ಕೊತ್ತಳದ ಭದ್ರತೆ ಬುಡದ ಮಣ್ಣಿನಲ್ಲಿದೆ.

8 ಮೀಟರ್ ವ್ಯಾಸದ, ನೆಲದಿಂದ 9 ಮೀಟರ್ ಎತ್ತರದ, ಒಂದೂವರೆ ಮೀಟರ್ ಆಳದಲ್ಲಿ ತಳವುಳ್ಳ ಕೊತ್ತಳವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹೊರಗೆ ಕಲ್ಲು, ಒಳಗೆ ಮಣ್ಣು. ಸರಾಸರಿ ತೂಕ ಘನ ಮೀಟರಿಗೆ 2 ಟನ್. ತಳದ ಒಟ್ಟು ಒತ್ತಡ 21 ಟನ್. ಮಣ್ಣು ಹಿಂದಿನಂತೆಯೇ 25 ಡಿಗ್ರಿಯದು. ಹಿಂದಿನ ಕ್ರಮದಲ್ಲಿಯೇ ಲೆಕ್ಕ ಮಾಡಿದರೆ ನಾಲ್ಕು ಸ್ಥಿತಿಗಳು ಹೀಗೆ ತೋರುತ್ತವೆ.

ಒಣ ನೆಲ, ಬುಡದ ಮಣ್ಣು ಪೂರ್ತಿಯಾಗಿದೆ: ನಿವ್ವಳ ಒತ್ತಡ 18.3, ಸಾಮರ್ಥ್ಯ 78.3, ಭದ್ರತೆ 4.3 ಪಟ್ಟು.
ಒಣ ನೆಲ, ಬುಡದಲ್ಲಿ ತಳದವರೆಗೆ ಗುಂಡಿ: ಒತ್ತಡ 21, ಸಾಮರ್ಥ್ಯ 47, ಭದ್ರತೆ 2.2 ಪಟ್ಟು.
ನೀರು ನೆಲಮಟ್ಟಕ್ಕೆ ಏರಿದೆ, ಮಣ್ಣು ಪೂರ್ತಿಯಾಗಿದೆ: ಒತ್ತಡ 18.2, ಸಾಮರ್ಥ್ಯ 39.2, ಭದ್ರತೆ 2.2 ಪಟ್ಟು.
ನೀರು ತಳದವರೆಗೆ ಇದೆ, ಗುಂಡಿಯೂ ಇದೆ: ಒತ್ತಡ 21, ಸಾಮರ್ಥ್ಯ 23.5; ಭದ್ರತೆ 1.1 ಪಟ್ಟು.

ನೀರಿನಲ್ಲಿ ಮುಳುಗಿದ ಮಣ್ಣಿನ ಪರಿಣಾಮಕಾರಿ ತೂಕ ಹೆಚ್ಚು ಕಡಮೆ ಅರ್ಧಕ್ಕಿಳಿಯುವುದೇ ಮೂರನೆಯ ಮತ್ತು ನಾಲ್ಕನೆಯ ಸ್ಥಿತಿಗಳಿಗೆ ಕಾರಣ. ಇಲ್ಲಿ ಅದನ್ನು 0.9 ಟನ್ ಎಂದು ಹಿಡಿದಿದೆ. ಇವು ಅಂದಾಜಿನ ಅಂಕಿಗಳು. ನಿಜವಾದ ಕೊತ್ತಳಕ್ಕೆ ಮಣ್ಣಿನ ಪರೀಕ್ಷೆ ಆಗಲೇಬೇಕು. ಆದರೆ ಅವು ಹೇಳುವ ನೀತಿ ಸ್ಪಷ್ಟ. ಗುಂಡಿಯೊಂದರಿಂದಲೇ ಕೊತ್ತಳ ಬೀಳಲಾರದು, ಮಳೆಯೊಂದರಿಂದಲೂ ಬೀಳಲಾರದು. ಎರಡೂ ಸೇರಿದ ವರ್ಷ ಅದು ಅಂಚಿಗೆ ಬಂದು ನಿಲ್ಲುತ್ತದೆ. ಬೇಸಗೆಯಲ್ಲಿ ತೋಡಿದ ಗುಂಡಿಯ ಫಲ ಮಳೆಗಾಲದಲ್ಲಿ ಕಾಣುತ್ತದೆ. ಆಗ ಜನ ಮಳೆಯನ್ನು ದೂರುತ್ತಾರೆ. ಗುಂಡಿ ಒಂದೇ ಪಕ್ಕದಲ್ಲಿದ್ದರೆ ಅಪಾಯ ಕಡಮೆಯೆಂದೂ ತಿಳಿಯಬಾರದು. ಮಣ್ಣು ಎಲ್ಲಿ ತಡೆ ಕಡಮೆಯೋ ಅಲ್ಲಿಗೇ ಉಬ್ಬುತ್ತದೆ. ಆದ್ದರಿಂದಲೇ ಇಂಜಿನಿಯರುಗಳು ಸುತ್ತಲಿನ ಆಳಗಳಲ್ಲಿ ಅತ್ಯಂತ ಕಡಮೆಯಾದುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಪ್ರಾಚೀನರಿಗೆ ಈ ಸಂಗತಿ ತಿಳಿದಿತ್ತೆ? ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗನಿರ್ಮಾಣದ ವಿಧಿಯಿದೆ. ಕಂದಕದಿಂದ ತೆಗೆದ ಮಣ್ಣಿನಿಂದಲೇ ವಪ್ರವನ್ನು ಕಟ್ಟಬೇಕು, ಅದನ್ನು ಆನೆಗಳಿಂದಲೂ ಎತ್ತುಗಳಿಂದಲೂ ತುಳಿಸಬೇಕು, ಕಂದಕಕ್ಕೂ ವಪ್ರಕ್ಕೂ ನಡುವೆ ನಾಲ್ಕು ದಂಡಗಳ, ಎಂದರೆ ಸುಮಾರು 24 ಅಡಿಗಳ, ಅಂತರವಿರಬೇಕು ಎಂಬುದು ಅದರ ತಾತ್ಪರ್ಯ. ಗ್ರಂಥ ಅಳತೆಯನ್ನು ಕೊಡುತ್ತದೆ, ಲೆಕ್ಕವನ್ನು ಕೊಡುವುದಿಲ್ಲ. ಆದರೆ ತುಳಿಸಿದ ಮಣ್ಣಿನ ತೂಕವೂ, ಬುಡದಲ್ಲಿ ಅಗೆಯದೆ ಬಿಟ್ಟ 24 ಅಡಿ ನೆಲವೂ ನಮ್ಮ ಸೂತ್ರ ಬೇಡುವ ಎರಡು ಅಂಶಗಳೇ. ಅನುಭವ ಕಂಡುಕೊಂಡದ್ದನ್ನು ಗಣಿತ ಬಹುಕಾಲದ ಮೇಲೆ ವಿವರಿಸಿತು ಎನ್ನುವುದು ತಪ್ಪಾಗಲಾರದು.

6. ಉಪಸಂಹಾರ

ರಾಷ್ಟ್ರೀಯ ಮಹತ್ವದ ಸ್ಮಾರಕಗಳ ಸುತ್ತ 100 ಮೀಟರ್ ಪ್ರದೇಶದಲ್ಲಿ ಹೊಸ ಕಟ್ಟಡವನ್ನು ಕಟ್ಟುವುದನ್ನು 2010ರಲ್ಲಿ ತಿದ್ದುಪಡಿಯಾದ ಕಾಯಿದೆ ನಿಷೇಧಿಸುತ್ತದೆ. ಆದರೆ ಆ ಪಟ್ಟಿಗೆ ಸೇರದ ಚಿಕ್ಕ ಕೋಟೆಗಳು, ಹುಡೇವುಗಳು ನಮ್ಮ ನಾಡಿನಲ್ಲಿ ಅನೇಕ. ಅವುಗಳ ಬುಡದ ಮಣ್ಣನ್ನು ನಿಧಿಗಾಗಿ ತೋಡುವವರೂ ಇದ್ದಾರೆ, ಮನೆಗೆಂದು ಹೊಲಕ್ಕೆಂದು ಗಾಡಿಯಲ್ಲಿ ಹೇರಿಕೊಂಡು ಹೋಗುವವರೂ ಇದ್ದಾರೆ. ಎರಡನೆಯವರಲ್ಲಿ ಬಹುಮಂದಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಬಿದ್ದಿರುವ ಮಣ್ಣು ಯಾರದೂ ಅಲ್ಲವೆಂಬ ಭಾವನೆಯಷ್ಟೆ. ಗೋಡೆಯ ಕಲ್ಲನ್ನು ಕಿತ್ತರೆ ಹಾನಿಯೆಂದು ಎಲ್ಲರಿಗೂ ತೋರುತ್ತದೆ. ಮಣ್ಣನ್ನು ತೆಗೆದರೂ ಹಾನಿಯೆಂಬುದು ಲೆಕ್ಕವಿಲ್ಲದೆ ತೋರುವುದಿಲ್ಲ. ಉತ್ಖನನ ಮಾಡುವ ನಮ್ಮವರಿಗೂ ಈ ಮಾತು ಸಲ್ಲುತ್ತದೆ. ಗೋಡೆಯ ಬುಡವನ್ನು ಕಾಣಬೇಕೆಂದು ತೋಡಿದ ಕಂದಕವನ್ನು ಮಳೆಗೆ ಮುಂಚೆ, ಗೇಣುದ್ದದ ಪದರಗಳಲ್ಲಿ, ದಿಮ್ಮಸು ಹೊಡೆದು ಮುಚ್ಚುವುದು ಉತ್ಖನನದ ಕೊನೆಯ ಕೆಲಸವೆಂದು ಎಣಿಸಬೇಕು.

ಕಾಲೇಜಿನ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕೋಟೆಗೆ ಕರೆದುಕೊಂಡು ಹೋದಾಗ ಶಾಸನಗಳನ್ನು ಓದಿಸುವುದರ ಜೊತೆಗೆ ಕೊತ್ತಳದ ಸುತ್ತ ಒಮ್ಮೆ ನಡೆದು, ಬುಡದಲ್ಲಿ ನೆಲ ಎಷ್ಟು ತಗ್ಗಿದೆಯೆಂಬುದನ್ನು ಅಳತೆಪಟ್ಟಿಯಿಂದ ಅಳೆಯಿಸಿ ಬರೆಯಿಸಿಡುವುದು ಉಚಿತ. ಮರುವರ್ಷ ಅದೇ ಜಾಗದಲ್ಲಿ ಮತ್ತೆ ಅಳೆದರೆ ಎಷ್ಟು ಮಣ್ಣು ಹೋಯಿತೆಂಬುದು ತಿಳಿಯುತ್ತದೆ. ಮೇಲೆ ಹೇಳಿದ ಗುಣಾಕಾರವನ್ನು ಮಾಡಿದರೆ ಅದರೊಡನೆ ಎಷ್ಟು ಆಧಾರ ಹೋಯಿತೆಂಬುದೂ ತಿಳಿಯುತ್ತದೆ. ನಾವು ಕಂಡ ಗುಂಡಿಯನ್ನು ಆ ದಿನ ವಿದ್ಯಾರ್ಥಿಗಳೇ ಊರಿನವರಿಂದ ಗುದ್ದಲಿ, ಬಾಣಲಿಗಳನ್ನು ಕೇಳಿ ತಂದು, ಪಕ್ಕದಲ್ಲಿಯೇ ರಾಶಿಯಾಗಿದ್ದ ಮಣ್ಣಿನಿಂದ ಮುಚ್ಚಿದರು. ದಿಮ್ಮಸು ಇರಲಿಲ್ಲ, ಕಾಲಿನಿಂದಲೇ ತುಳಿದರು.